ಟಿಸ್ಡಾಲನ ನಾಲ್ಕನೆಯ ಪ್ರತಿ

ಕಾರ್ಕ್ ಪಟ್ಟಣದಲ್ಲಿ ಒಬ್ಬನಿಗೆ ಅಡ್ಡಹೆಸರು ಬಿತ್ತೆಂದರೆ ಮುಗಿಯಿತು. ಪಾದ್ರಿ ನೀರು ಚಿಮುಕಿಸಿ ಇಟ್ಟ ಹೆಸರನ್ನು ಆಮೇಲೆ ತೆರಿಗೆಯವರು ಬಿಟ್ಟರೆ ಬೇರೆ ಯಾರೂ ಬಳಸುವುದಿಲ್ಲ. ಸತ್ತರೂ ಅದು ಬಿಡುವುದಿಲ್ಲ. ಪತ್ರಿಕೆಯ ನಿಧನ ವಾರ್ತೆಯಲ್ಲಿ ಮನೆಯವರೇ ಅಡ್ಡಹೆಸರನ್ನೂ ಸೇರಿಸಿ ಅಚ್ಚು ಹಾಕಿಸುತ್ತಾರೆ. ಇಲ್ಲವಾದರೆ ಹೋದವನು ಯಾರೆಂದು ಊರಿಗೆ ತಿಳಿಯುವುದಾದರೂ ಹೇಗೆ? ಡೊಮಿನಿಕ್ ಟೂಮಿಗೆ ಬಿದ್ದ ಹೆಸರು ಬೆಕ್ಕು. ಬೆಕ್ಕಿನ ಟೂಮಿ. ಸಲಿಗೆ ಇದ್ದವರಿಗೆ ಬೆಕ್ಕಣ್ಣ. ಪ್ಯಾಟ್ರಿಕ್ ಬೀದಿಯ ಬಟ್ಟೆ ಅಂಗಡಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಊರ ಗಂಡಸರ ಕೊರಳಿಗೆ ಟೇಪು ಸುತ್ತಿ ಅಂಗಿಯ ಅಳತೆ ಹೇಳಿದವನು, ಈಗ ನಿವೃತ್ತನಾಗಿ ಶ್ಯಾಂಡನ್ ಗುಡ್ಡದ ಏರು ಓಣಿಯಲ್ಲಿ ಒಬ್ಬನೇ ಇದ್ದಾನೆ. ಅವನ ಮನೆಯ ತುಂಬ ಬೆಕ್ಕುಗಳಿವೆ ಎಂದು ಓಣಿಯ ಮಕ್ಕಳು ನಂಬಿವೆ. ಒಂದೂ ಇಲ್ಲ. ಬೆಕ್ಕನ್ನು ಕಂಡರೆ ಅವನಿಗೆ ಮೈ ಉರಿಯುತ್ತದೆ.

ನವೆಂಬರಿನ ಒಂದು ಮಧ್ಯಾಹ್ನ ಅವನ ಬಾಗಿಲು ತಟ್ಟಿದ ಹುಡುಗಿಯ ಬೆನ್ನ ಮೇಲೆ ಅವಳಷ್ಟೇ ಎತ್ತರದ ಪೆಟ್ಟಿಗೆಯಿತ್ತು. ಒಳಗಿರುವುದು ಪಿಟೀಲಿನ ಜಾತಿಯ ದೊಡ್ಡ ವಾದ್ಯ ಚೆಲ್ಲೊ ಎಂದು ತಿಳಿಯಲು ಅವನಿಗೆ ಎರಡನೆಯ ನೋಟ ಬೇಕಾಗಲಿಲ್ಲ. ಬಾಗಿಲು ಹಾಕಿಬಿಡೋಣವೆನ್ನಿಸಿತು. ಆದರೆ ಹುಡುಗಿ ಏದುಸಿರು ಬಿಡುತ್ತಿದ್ದಳು, ಆ ಏರು ಹತ್ತಿ ಬಂದವರ ಮುಖಕ್ಕೆ ಬಾಗಿಲು ಬಡಿಯುವಷ್ಟು ಒರಟ ಅವನಲ್ಲ.

‘ಮಿಸ್ಟರ್ ಟೂಮಿ ಅವ್ರು ನೀವೇನಾ?’

‘ಏನಾದ್ರೂ ಮಾರೋಕೆ ಬಂದಿದ್ರೆ ನಾನಲ್ಲ.’

‘ಮಾರೋಕಲ್ಲ, ಕೇಳೋಕೆ ಬಂದಿದ್ದೀನಿ. ನನ್ನ ಹೆಸ್ರು ಗೊಬ್ನಿಟ್. ಗೊಬ್ನಿಟ್ ಲಿಹೇನ್.’

‘ಗೊಬ್ನಿಟ್ಟಾ! ಆ ಹೆಸ್ರು ನಮ್ಮಜ್ಜಿ ಕಾಲಕ್ಕೇ ಮಣ್ಣಾಯ್ತು ಅಂದ್ಕೊಂಡಿದ್ನಲ್ಲಾ!’

‘ನಮ್ಮಜ್ಜೀದೇ ಇಟ್ರು. ಶಾಲೇಲಿ ಅದಕ್ಕೋಸ್ಕರ ಎಷ್ಟು ಅತ್ತಿದ್ದೀನಿ ಗೊತ್ತಾ?’

ಹೆಸರಿಗಾಗಿ ಅತ್ತವಳು ಎಂದ ಮೇಲೆ ಡೊಮಿನಿಕ್ ಪಕ್ಕಕ್ಕೆ ಸರಿದು ಅವಳನ್ನು ಒಳಗೆ ಬಿಟ್ಟ. ಚಹಾ ಮಾಡಿದ, ಉಳಿದಿದ್ದ ಒಣದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಸವರಿ ಮುಂದಿಟ್ಟ. ಹವೆಯ ಮಾತಾಯಿತು, ಏರಿನ ಮಾತಾಯಿತು, ಶ್ಯಾಂಡನ್ ಗೋಪುರದ ನಾಲ್ಕು ಮುಖದ ಗಡಿಯಾರ ನಾಲ್ಕು ಕಡೆಗೆ ನಾಲ್ಕು ಹೊತ್ತು ತೋರಿಸುವ ಹಳೇ ತಮಾಷೆಯೂ ಆಯಿತು. ಅಷ್ಟಾದ ಮೇಲೆ ಹುಡುಗಿ ಬಂದ ಕೆಲಸಕ್ಕೆ ಬಂದಳು.

‘ನೋರಾ ಹೋರ್ಗನ್ ಅವ್ರು ತೀರ್ಕೊಂಡ್ರಲ್ಲ, ಗೊತ್ತಾಯ್ತಾ ನಿಮ್ಗೆ?’

‘ಗೊತ್ತಾಯ್ತು.’ ಗೊತ್ತಾಗಿದ್ದಷ್ಟೇ ಅಲ್ಲ, ಚರ್ಚಿಗೆ ಹೋಗಿ ಹಿಂದಿನ ಕಂಬದ ಮರೆಯಲ್ಲಿ ನಿಂತು, ಶವಪೆಟ್ಟಿಗೆ ಹೊರಗೆ ಬರುವ ಮೊದಲೇ ಹೊರಟು ಬಂದಿದ್ದ. ಅದನ್ನು ಹೇಳಲಿಲ್ಲ.

‘ಅವ್ರ ಯಜಮಾನ್ರು ಇದ್ದಾರಲ್ಲ, ಹಲ್ಲಿನ ಡಾಕ್ಟ್ರು, ಒಂದು ಪೆಟ್ಟಿಗೆ ತುಂಬ ಸಂಗೀತದ ಪ್ರತಿಗಳನ್ನ ನಮ್ಮ ಸಂಗೀತ ಶಾಲೆಗೆ ಕೊಟ್ರು. ಅದರಲ್ಲಿ ಆಂಬ್ರೋಸ್ ಟಿಸ್ಡಾಲ್‌ದು ಒಂದು ಕ್ವಾರ್ಟೆಟ್ ಇದೆ. ಮಿಸ್ಟರ್ ಟೂಮಿ, ಎಂಥಾ ಸಂಗೀತ ಅಂತೀರಿ! ನಮ್ಮ ಊರಲ್ಲಿ ಇಂಥವ್ನು ಒಬ್ಬ ಇದ್ದ, ನಮಗ್ಯಾರಿಗೂ ಗೊತ್ತೇ ಇಲ್ಲ. ಎರಡು ಪಿಟೀಲಿನ ಪ್ರತಿ ಇದೆ, ವಿಯೋಲಾದ್ದಿದೆ. ಚೆಲ್ಲೊದ್ದು ಮಾತ್ರ ಇಲ್ಲ.’ ಅವಳು ತಟ್ಟೆಯ ಅಂಚನ್ನು ಬೆರಳಿನಿಂದ ಸವರಿದಳು. ‘ನಿಮ್ಮತ್ರ ಇರ್ಬೋದು ಅಂತ ಡಾಕ್ಟ್ರೇ ಅಂದ್ರು.’

ಟಿಸ್ಡಾಲ್ ಎಂಬುವನು ಈ ಊರಿನದೇ ಚರ್ಮ ಹದಮಾಡುವವನ ಮಗ. ನೂರು ವರ್ಷಕ್ಕೂ ಹಿಂದೆ ಜರ್ಮನಿಗೆ ಹೋಗಿ ಸಂಗೀತ ಕಲಿತು ಬಂದ, ಬಂದವನಿಗೆ ಊರು ಚರ್ಚಿನ ಆರ್ಗನ್ ನುಡಿಸುವ ಕೆಲಸ ಕೊಟ್ಟು ಸುಮ್ಮನಾಯಿತು. ನಾಲ್ಕು ತಂತಿವಾದ್ಯ ಕೂಡಿ ನುಡಿಸಲೆಂದು ಅವನು ಬರೆದ ಕ್ವಾರ್ಟೆಟ್ ಅಚ್ಚಾಗಲಿಲ್ಲ. ನಾಲ್ಕೂ ವಾದ್ಯಗಳನ್ನು ಒಂದೇ ಹಾಳೆಯಲ್ಲಿ ತೋರಿಸುವ ಒಟ್ಟು ಪ್ರತಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಉಳಿದದ್ದು ಕೈಯಲ್ಲಿ ಬರೆದ ನಾಲ್ಕು ಬಿಡಿ ಪ್ರತಿಗಳು, ಒಬ್ಬೊಬ್ಬ ವಾದಕನಿಗೆ ಒಂದೊಂದು. ತನ್ನ ಪ್ರತಿಯಲ್ಲಿ ತನ್ನ ಸ್ವರ ಮಾತ್ರ ಇರುತ್ತದೆ, ಉಳಿದ ಮೂವರದು ಕಿವಿಗೆ ಬಿದ್ದಾಗಲೇ ತಿಳಿಯಬೇಕು. ನಾಲ್ಕರಲ್ಲಿ ಒಂದು ಹೋದರೆ ಅದು ಮೂರು ಕಾಲಿನ ಮಂಚ.

‘ಒಲೆಗೆ ಹಾಕ್ದೆ,’ ಎಂದ ಡೊಮಿನಿಕ್. ‘ಯಾವತ್ತೋ.’

ಹುಡುಗಿಯ ಮುಖ ಇಳಿದುಹೋಯಿತು. ‘ಹೌದಾ,’ ಎಂದಳು. ‘ಹಾಗಾದ್ರೆ ನಮ್ಮ ಮೇಷ್ಟ್ರು ಹೇಳ್ದಂಗೇ ಮಾಡ್ಬೇಕು. ಉಳಿದ ಮೂರನ್ನ ನೋಡ್ಕೊಂಡು ಚೆಲ್ಲೊಗೆ ನಾವೇ ಏನಾದ್ರೂ ಬರೆದು ಹಾಕೋಣ ಅಂತಿದ್ದಾರೆ.’

‘ನೀವು ಬರೀತೀರಾ? ಟಿಸ್ಡಾಲ್ ಬರೆದಿರೋದಕ್ಕೆ?’

‘ಇಲ್ದಿದ್ರೆ ಇನ್ನೇನ್ ಮಾಡೋದು ಹೇಳಿ.’

ಅವಳು ಪೆಟ್ಟಿಗೆ ಹೆಗಲಿಗೇರಿಸಿ ಇಳಿಜಾರಿನಲ್ಲಿ ಇಳಿದು ಹೋಗುವುದನ್ನು ಅವನು ಕಿಟಕಿಯಿಂದ ನೋಡಿದ. ನಂತರ ಮಹಡಿಗೆ ಹೋಗಿ ಬಟ್ಟೆ ಬೀರುವಿನ ತಳದಲ್ಲಿ ಚಳಿಗಾಲದ ಕಂಬಳಿಯ ಅಡಿಗೆ ಕೈ ಹಾಕಿದ. ಪ್ರತಿ ಅಲ್ಲೇ ಇತ್ತು. ಯಾರಾದರೂ ತನ್ನ ಅವಮಾನವನ್ನು ಕಂಬಳಿ ಹೊದಿಸಿ ಬೆಚ್ಚಗೆ ಇಡುತ್ತಾರೆಯೇ? ಇವನು ಇಟ್ಟಿದ್ದ.

ಆಗ ಅವನಿಗೆ ಇಪ್ಪತ್ತಾರು. ಅವನೂ ಮೂವರು ಗೆಳೆಯರೂ ಬೇರೆ ಬೇರೆ ಕಡೆ ದುಡಿಯುತ್ತ ಸಂಜೆ ಆಗಿನ್ನೂ ನೋರಾ ಸ್ಪಿಲನ್ ಆಗಿದ್ದವಳ ತಾಯಿಯ ಮುಂಗೋಣೆಯಲ್ಲಿ ಕೂಡಿ ನುಡಿಸುತ್ತಿದ್ದರು. ನೋರಾ ಮೊದಲ ಪಿಟೀಲು. ಟಿಸ್ಡಾಲನ ಪ್ರತಿಗಳನ್ನು ಚರ್ಚಿನ ಆರ್ಗನ್ ಹಿಂದಿನ ಧೂಳಿನಿಂದ ಹೆಕ್ಕಿ ತಂದವಳು ಅವಳೇ. ಊರಿನವನ ಸಂಗೀತ ಊರಿಗೇ ಕೇಳಿಸೋಣ ಎಂದವಳೂ ಅವಳೇ. ಆ ಸಂಗೀತ ಕಛೇರಿ ಮುಗಿದ ದಿನವೇ ಅವಳನ್ನು ಮದುವೆಗೆ ಕೇಳುವುದೆಂದು ಡೊಮಿನಿಕ್ ನಿಶ್ಚಯಿಸಿದ್ದ. ಅವಳಿಗೂ ಅದು ಗೊತ್ತಿತ್ತು. ಅವಳ ತಾಯಿಗಂತೂ ಅವರಿಬ್ಬರಿಗಿಂತ ಮೊದಲೇ ಗೊತ್ತಾಗಿ, ಅವನಿಗೆ ಕೊಡುವ ಚಹಾದ ಜೊತೆಗೆ ಕೇಕು ದಪ್ಪಗಾಗುತ್ತ ಬಂದಿತ್ತು.

ತೊಡಕಿದ್ದದ್ದು ಎರಡನೆಯ ಭಾಗದಲ್ಲಿ, ನಿಧಾನಗತಿಯ ಭಾಗದಲ್ಲಿ. ಅಲ್ಲಿ ಚೆಲ್ಲೊಗೆ ಒಂದು ಉದ್ದನೆಯ ಹಾಡಿನಂಥ ಸಾಲು. ಸಾಲಿನ ತಲೆಯಲ್ಲಿ, ಸ್ವರ ಎಷ್ಟು ಎತ್ತರದ್ದೆಂದು ಹೇಳುವ ಜಾಗದಲ್ಲಿ, ಚೆಲ್ಲೊದ ಗುರುತು ತೆಗೆದು ಪಿಟೀಲಿನ ಗುರುತು ಹಾಕಿದೆ. ಆ ಗುರುತು ನೋಡಿ ಓದಿದರೆ ಸ್ವರ ಎಲ್ಲಿಗೆ ಹೋಗುತ್ತದೆಂದರೆ, ಚೆಲ್ಲೊದ ತಂತಿ ಮುಗಿದು ಬೆರಳಿಗೆ ಹಿಡಿಯಲು ಜಾಗವೇ ಇಲ್ಲದ ಕಡೆಗೆ. ಡೊಮಿನಿಕ್‌ಗೆ ಚೆಲ್ಲೊ ಕಲಿಸಿದವಳು ಕಾನ್ವೆಂಟಿನ ಸಿಸ್ಟರ್ ಬೆನಿಗ್ನಸ್. ಬರೆದವನು ನಿನಗಿಂತ ದೊಡ್ಡವನು, ಬರೆದದ್ದನ್ನು ಬರೆದ ಹಾಗೆ ನುಡಿಸು, ಎಂದು ಗೆಣ್ಣಿನ ಮೇಲೆ ಅಡಿಕೋಲಿನಿಂದ ಹೇಳಿಕೊಟ್ಟಿದ್ದಳು. ಅದು ಅವನಲ್ಲಿ ಕ್ರೈಸ್ತ ಧರ್ಮಕ್ಕಿಂತ ಆಳಕ್ಕೆ ಇಳಿದಿತ್ತು. ಚಳಿಗಾಲವಿಡೀ ಅವನು ಆ ಸಾಲನ್ನು ತಿಕ್ಕಿದ. ಬೆರಳ ತುದಿ ಒಡೆದು ರಕ್ತ ಬಂದರೂ ಬಿಡಲಿಲ್ಲ.

ಒಮ್ಮೆ ನೋರಾ ಕಮಾನು ಕೆಳಗಿಳಿಸಿ ಕೇಳಿದ್ದಳು. ‘ಡೊಮಿನಿಕ್, ಇದು ಹೀಗಿರೋಕೆ ಸಾಧ್ಯನಾ? ನೀನು ನನ್ನ ತಲೆ ಮೇಲೆ ಕೂತಿದ್ದೀಯಲ್ಲೋ.’

‘ಬರೆದಿದೆ ನೋಡು.’

‘ಬರೆದಿರ್ಬೋದು. ಕಿವಿಗೆ ಸರಿ ಅನ್ಸುತ್ತಾ ನಿನಗೆ?’

‘ನಿನಗೆ ಟಿಸ್ಡಾಲ್‌ಗಿಂತ ಜಾಸ್ತಿ ಗೊತ್ತಾ?’ ಎಂದಿದ್ದ ಅವನು. ಸ್ವಲ್ಪ ಜೋರಾಗಿಯೇ ಎಂದಿದ್ದ. ಅವಳು ಹುಬ್ಬೇರಿಸಿ ಪಿಟೀಲನ್ನು ಗದ್ದಕ್ಕೆ ಒತ್ತಿಕೊಂಡಿದ್ದಳು.

ಕಛೇರಿ ನಡೆದದ್ದು ಚರ್ಚಿನ ಪಕ್ಕದ ಸಭಾಂಗಣದಲ್ಲಿ. ಎರಡನೆಯ ಭಾಗ ಬಂತು, ಆ ಸಾಲು ಬಂತು. ಅವನ ಬೆರಳು ಏರಿತು, ಇನ್ನೂ ಏರಿತು, ಬೆವರಿಗೆ ಜಾರಿತು, ಚೆಲ್ಲೊ ಕಿರುಚಿತು. ಅವನು ಮತ್ತೆ ಹಿಡಿದ, ಅದು ಮತ್ತೆ ಕಿರುಚಿತು. ಆಗ ಮೇಲಿನ ಗ್ಯಾಲರಿಯಿಂದ ಒಂದು ದನಿ, ಕಾರ್ಕಿನ ಅಪ್ಪಟ ರಾಗ ಎಳೆಯುವ ದನಿ, ಬಹಳ ಮರುಕದಿಂದ ಹೇಳಿತು: ‘ಪಾಪ, ಯಾರಾದ್ರೂ ಆ ಬೆಕ್ಕನ್ನ ಹೊರಗೆ ಬಿಡ್ರಪ್ಪಾ!’

ಸಭೆ ನಕ್ಕಿತು. ನಗಬಾರದೆಂದು ಬಿಗಿಹಿಡಿದವರೂ ನಕ್ಕರು. ಮುಂದಿನ ಸಾಲಿನ ಪಾದ್ರಿ ಕರ್ಚೀಫು ಬಾಯಿಗೆ ಒತ್ತಿಕೊಂಡರು. ಡೊಮಿನಿಕ್ ಎದ್ದು ಚೆಲ್ಲೊ, ಪ್ರತಿ ಎರಡನ್ನೂ ಹಿಡಿದು ಹೊರಗೆ ನಡೆದ, ನಡೆದವನು ಮನೆಗೆ ಬಂದು ಬಾಗಿಲು ಹಾಕಿಕೊಂಡ. ಮರುದಿನದ ಪತ್ರಿಕೆ ಎರಡು ಸಾಲು ಬರೆಯಿತು: ಬರೆದವನಿಗೂ ಚೆಲ್ಲೊ ಗೊತ್ತಿರಲಿಲ್ಲ, ನುಡಿಸಿದವನಿಗೂ ಗೊತ್ತಿಲ್ಲ. ಅದರೊಂದಿಗೆ ಟಿಸ್ಡಾಲನೂ ಎರಡನೆಯ ಸಲ ಸತ್ತ. ಆಮೇಲೆ ಅವನ ಸಂಗೀತವನ್ನು ಮುಟ್ಟಿ ನೋಡುವ ಮನಸ್ಸು ಯಾರಿಗೂ ಬರಲಿಲ್ಲ.

ನೋರಾ ಮನೆಯ ತನಕ ಬಂದಳು, ಒಮ್ಮೆಯಲ್ಲ. ಅವನು ಮಹಡಿಯಲ್ಲಿ ಕೂತು, ಮನೆಯಲ್ಲಿಲ್ಲವೆಂದು ತಾಯಿಯ ಬಾಯಿಂದ ಹೇಳಿಸಿದ. ಕೊನೆಗೆ ಅವಳು ಬರುವುದು ನಿಂತಿತು. ಒಂದೆರಡು ವರ್ಷ ಕಾದು, ಹಲ್ಲಿನ ಡಾಕ್ಟರ್ ಹೋರ್ಗನ್‌ರನ್ನು ಮದುವೆಯಾದಳು. ಯಾರೂ ಅವಳನ್ನು ತಪ್ಪೆನ್ನಲಿಲ್ಲ, ಡೊಮಿನಿಕ್ ಕೂಡ.

ಮದುವೆಯಾದ ಮೇಲೆ ಅವಳು ಒಂದೇ ಒಂದು ಸಲ ಅವನ ಅಂಗಡಿಗೆ ಬಂದಿದ್ದಳು. ಕೌಂಟರಿನ ಆಚೆ ನಿಂತು ಗ್ಲೋವ್ಸ್ ಕಳಚಿದಳು, ಮತ್ತೆ ಹಾಕಿಕೊಂಡಳು. ಯಜಮಾನರಿಗೆ ಅಂಗಿ ಬೇಕಿತ್ತು ಎಂದಳು. ಅವನು ಪೆಟ್ಟಿಗೆಗಳನ್ನು ಇಳಿಸಿದ. ಹವೆ ಕೆಟ್ಟಿದೆ ಎಂದಳು, ಅವನು ಹೌದೆಂದ. ಈಸ್ಟರ್ ಹತ್ತಿರ ಬಂತು ಎಂದಳು, ಅದಕ್ಕೂ ಹೌದೆಂದ. ಆಮೇಲೆ ಅವಳು ದನಿ ತಗ್ಗಿಸಿ, ‘ಡೊಮಿನಿಕ್, ಆ ಸಾಲಿನ ವಿಷ್ಯ ನಿನಗೊಂದು ಮಾತು ಹೇಳ್ಬೇಕಿತ್ತು,’ ಎಂದಳು. ಅವನ ಕಿವಿಯಲ್ಲಿ ಇಡೀ ಸಭಾಂಗಣ ಮತ್ತೆ ನಕ್ಕಿತು. ಪಕ್ಕದ ಕೌಂಟರಿನ ಹುಡುಗರು ಕಿವಿ ನಿಮಿರಿಸಿದ್ದು ಕಂಡಿತು.

‘ಕೊರಳು ಹದಿನಾರೂವರೇನಾ, ಹದಿನೇಳಾ, ಮಿಸೆಸ್ ಹೋರ್ಗನ್?’ ಎಂದ.

ಅವಳು ಅವನನ್ನು ನೋಡುತ್ತ ನಿಂತಳು. ಅಂಗಿ ಕೊಳ್ಳದೆ ಹೊರಟುಹೋದಳು. ಆ ಹೊತ್ತಿನಲ್ಲಿ ಅವನಿಗೆ ಅನ್ನಿಸಿದ್ದು ಗೆದ್ದೆನೆಂದು. ಈಗ ಬೀರುವಿನ ಮುಂದೆ ಮಂಡಿಯೂರಿ ಕೂತವನಿಗೆ ಏನನ್ನಿಸಿತೋ, ಪ್ರತಿಯನ್ನು ತೆಗೆದು ಕೋಟಿನೊಳಗೆ ಇಟ್ಟುಕೊಂಡ. ಟಿಸ್ಡಾಲ್ ಬರೆದಿದ್ದು ಕೈಯಲ್ಲಿರುವಾಗ ಇನ್ಯಾರೋ ಮೇಷ್ಟ್ರು ಅದಕ್ಕೆ ತೇಪೆ ಹಾಕುವುದನ್ನು ಸಿಸ್ಟರ್ ಬೆನಿಗ್ನಸ್‌ಳ ಶಿಷ್ಯ ಸಹಿಸುವುದಾದರೂ ಹೇಗೆ?

ವಾರದೊಳಗೆ ಅವನು ಸಂಗೀತ ಶಾಲೆಯ ಮೆಟ್ಟಿಲು ಹತ್ತಿದ. ಅಭ್ಯಾಸದ ಕೋಣೆಯಲ್ಲಿ ಗೊಬ್ನಿಟ್ ಮತ್ತು ಅವಳ ಮೂವರು ಗೆಳೆಯರಿದ್ದರು, ಮೂವರಿಗೂ ಕೂದಲು ಬಾಚುವ ಅಭ್ಯಾಸವಿದ್ದಂತಿರಲಿಲ್ಲ. ಪ್ರತಿಯನ್ನು ಕಂಡ ಗೊಬ್ನಿಟ್ ಬಾಯಿಗೆ ಕೈ ಅಡ್ಡ ಹಿಡಿದಳು.

‘ಒಲೆಗೆ ಹಾಕ್ದೆ ಅಂದ್ರಿ!’

‘ಒಲೆ ಹತ್ಲಿಲ್ಲ,’ ಎಂದ ಡೊಮಿನಿಕ್. ‘ಆದ್ರೆ ಒಂದು ಕರಾರು. ನಾನಿಲ್ಲೇ ಕೂತು ಕೇಳ್ತೀನಿ. ಎರಡನೇ ಭಾಗದಲ್ಲಿ ಒಂದು ಜಾಗ ಇದೆ. ಅದು ನುಡಿಸೋಕೆ ಆಗೋದಲ್ಲ. ಮೊದಲೇ ಹೇಳಿದ್ದೀನಿ, ಆಮೇಲೆ ನನ್ನ ಬೈಬೇಡ ಹುಡುಗಿ.’

ನುಡಿಸತೊಡಗಿದರು. ಮೊದಲ ಭಾಗ ಅವನ ಎದೆಯಲ್ಲಿ ಇಷ್ಟು ವರ್ಷ ಮಲಗಿದ್ದ ಜಾಗದಿಂದಲೇ ಎದ್ದು ಬಂದ ಹಾಗಿತ್ತು. ಇಲ್ಲಿ ನೋರಾ ಸ್ವಲ್ಪ ಮುಂದೋಡುತ್ತಿದ್ದಳು, ಇಲ್ಲಿ ಪಾದದಿಂದ ನೆಲ ತಟ್ಟುತ್ತಿದ್ದಳು, ಎಲ್ಲ ನೆನಪಾಯಿತು. ಎರಡನೆಯ ಭಾಗ ಬಂದಾಗ ಕುರ್ಚಿಯ ಅಂಚಿಗೆ ಸರಿದ. ಗೊಬ್ನಿಟ್ ಹಾಳೆ ತಿರುವಿದಳು, ಪಿಟೀಲಿನ ಗುರುತಿನ ಸಾಲು ಬಂತು. ಅವಳ ಎಡಗೈ ಏರಲೇ ಇಲ್ಲ. ಇದ್ದಲ್ಲಿಯೇ ತಣ್ಣಗೆ ನಿಂತು, ತುಂಬಿದ ಕೆಳದನಿಯಲ್ಲಿ ಹಾಡತೊಡಗಿತು.

‘ನಿಲ್ಸು!’ ಡೊಮಿನಿಕ್ ಎದ್ದು ನಿಂತಿದ್ದ. ‘ತಪ್ಪು. ನೀನು ಕೆಳಗೆ ನುಡಿಸ್ತಿದ್ದೀಯ. ಅಲ್ಲಿ ಪಿಟೀಲಿನ ಗುರುತಿದೆ, ಕಾಣ್ಸಲ್ವಾ?’

‘ಕಾಣ್ಸುತ್ತೆ ಮಿಸ್ಟರ್ ಟೂಮಿ.’

‘ಮತ್ತೆ? ಬರೆದ ಹಾಗೆ ನುಡಿಸ್ಬೇಕು ತಾನೆ?’

‘ಬರೆದ ಹಾಗೇ ನುಡಿಸ್ತಿದ್ದೀನಿ.’ ಅವಳಿಗೆ ಅವನು ತಮಾಷೆ ಮಾಡುತ್ತಿಲ್ಲವೆಂದು ಇನ್ನೂ ಹೊಳೆದಿರಲಿಲ್ಲ. ‘ಹಳೇ ಪದ್ಧತಿ ಅಲ್ವಾ ಇದು? ಆಗೆಲ್ಲ ಚೆಲ್ಲೊಗೆ ಪಿಟೀಲಿನ ಗುರುತು ಹಾಕಿದ್ರೆ ಒಂದು ಸ್ಥಾಯಿ ಮೇಲೆ ಬರೀತಿದ್ರು, ನುಡಿಸೋರು ತಾವಾಗೇ ಒಂದು ಸ್ಥಾಯಿ ಕೆಳಗಿಳಿಸ್ಕೋತಿದ್ರು. ಜರ್ಮನಿ ಕಡೆ ಇದು ರೂಢಿ. ಟಿಸ್ಡಾಲ್ ಕಲ್ತದ್ದು ಅಲ್ಲೇ ತಾನೆ.’

ವಿಯೋಲಾ ಹಿಡಿದ ಹುಡುಗ ನಕ್ಕ. ‘ಅಯ್ಯೋ, ಮೇಲೆ ನುಡಿಸಿದ್ರೆ ಬೆಕ್ಕು ಕೂಗ್ದಂಗಿರುತ್ತೆ!’

ಅವನಿಗೆ ಪಾಪ ಏನೂ ಗೊತ್ತಿರಲಿಲ್ಲ, ಪರ ಊರಿನವನು. ಗೊಬ್ನಿಟ್‌ಗೆ ಗೊತ್ತಿತ್ತು. ಅವಳ ಕಿವಿಗಳು ಕೆಂಪಾದವು, ಕಮಾನು ಮಡಿಲಿಗೆ ಬಿತ್ತು. ಡೊಮಿನಿಕ್ ನಿಧಾನವಾಗಿ ಕುರ್ಚಿ ಹುಡುಕಿ ಕೂತ.

‘ಇನ್ನೊಂದ್ಸಲ,’ ಎಂದ. ‘ನೀನು ನುಡಿಸಿದ ಹಾಗೇ.’

ಅವರು ನುಡಿಸಿದರು. ಮೇಲೆ ಮೊದಲ ಪಿಟೀಲು ಒಂದು ಸಣ್ಣ ದುಃಖವನ್ನು ಹೇಳುತ್ತಿತ್ತು, ಅಡಿಯಲ್ಲಿ ಚೆಲ್ಲೊ ಅದನ್ನು ಕೆಳಗೆ ಬೀಳದಂತೆ ಕೈಚಾಚಿ ಹಿಡಿದುಕೊಳ್ಳುತ್ತಿತ್ತು. ಇದು ಟಿಸ್ಡಾಲ್ ಬರೆದದ್ದು. ಪಿಟೀಲಿನ ತಲೆಯ ಮೇಲೆ ಏರಿ ಕೂತು ಅರಚುವುದನ್ನಲ್ಲ, ಕೆಳಗಿದ್ದು ಅದನ್ನು ಹೊರುವುದನ್ನು ಬರೆದಿದ್ದ. ಒಂದು ಕೈಯಗಲದ ಜಾಗದಲ್ಲಿ ಬೆರಳಾಡಿಸಿದರೆ ಸಾಕಿತ್ತು. ಸಿಸ್ಟರ್ ಬೆನಿಗ್ನಸ್‌ಳ ಮೂರನೆಯ ವರ್ಷದ ಮಕ್ಕಳೂ ನುಡಿಸಬಹುದಿತ್ತು. ಸಂಗೀತ ಇಷ್ಟು ಚೆನ್ನಾಗಿದೆಯಲ್ಲ ಎಂಬುದೇ ಡೊಮಿನಿಕ್‌ಗೆ ತಡೆದುಕೊಳ್ಳಲಾಗಲಿಲ್ಲ. ಅದು ಕೆಟ್ಟದಾಗಿದ್ದಿದ್ದರೆ ಬದುಕಿನ ಲೆಕ್ಕ ಒಂದು ರೀತಿ ಸರಿಹೋಗುತ್ತಿತ್ತು.

‘ನೀವು...’ ಗೊಬ್ನಿಟ್ ಮೆಲ್ಲಗೆ ಕೇಳಿದಳು, ‘ನೀವು ಮೇಲೇ ನುಡಿಸಿದ್ರಾ? ಅಷ್ಟೆತ್ತರದಲ್ಲಿ?’

‘ಹೂಂ.’

‘ಅದು ಯಾರ ಕೈಲೂ ಆಗಲ್ಲ ಮಿಸ್ಟರ್ ಟೂಮಿ.’

‘ನನ್ನ ಕೈಲೂ ಆಗ್ಲಿಲ್ಲ. ಊರಿಗೇ ಗೊತ್ತಲ್ಲಮ್ಮ.’ ಅವನು ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸಿದ. ‘ಇದು ಎಲ್ರಿಗೂ ಗೊತ್ತಿರೋದಾ? ಈ ಕೆಳಗಿಳಿಸೋದು?’

ಸುಳ್ಳು ಹೇಳಲೋ ಬೇಡವೋ ಎಂದು ಅವಳು ಒಂದು ಕ್ಷಣ ಯೋಚಿಸಿದ್ದು ಮುಖದಲ್ಲೇ ಕಂಡಿತು. ‘ನಮಗೆ ಎರಡನೇ ವರ್ಷದಲ್ಲಿ ಹೇಳ್ಕೊಡ್ತಾರೆ,’ ಎಂದಳು. ‘ಆದ್ರೆ ನಿಮ್ಗೆ ಆಗ ಹೇಳೋರು ಯಾರಿದ್ರು? ಒಟ್ಟು ಪ್ರತೀನೂ ಇರ್ಲಿಲ್ಲ. ಯಾರಾಗಿದ್ರೂ ಹಾಗೇ ಓದ್ತಿದ್ರು.’

‘ಒಬ್ಳು ಕೇಳಿದ್ಲು,’ ಎಂದ ಡೊಮಿನಿಕ್.

ಹೊರಗೆ ಬಂದು ನದಿಯ ದಡದ ಗೋಡೆಗೆ ಒರಗಿ ನಿಂತ. ಇಳಿತದ ಹೊತ್ತು, ನೀರು ಕೆಸರಿಗೆ ಇಳಿದಿತ್ತು, ನಾಲ್ಕಾರು ಹಂಸಗಳು ಆ ಕೊಳಕಿನಲ್ಲೇ ಮೇವು ಹುಡುಕುತ್ತಿದ್ದವು. ಕೌಂಟರಿನ ಆಚೆ ಗ್ಲೋವ್ಸ್ ಕಳಚಿ ಹಾಕಿಕೊಳ್ಳುತ್ತಿದ್ದ ಕೈಗಳು ಕಣ್ಣೆದುರಿಗೆ ಬಂದವು. ಆ ಸಾಲಿನ ವಿಷಯ ಒಂದು ಮಾತು. ಅಂದರೆ ಅವಳಿಗೆ ಆಗಲೇ ಗೊತ್ತಾಗಿತ್ತು. ಹೇಳಲೆಂದೇ ಬಂದಿದ್ದಳು, ಅಂಗಿ ಬರೀ ನೆಪ. ಆ ದಿನ ಹೇಳಿದ್ದರೆ ಏನಾಗುತ್ತಿತ್ತು? ಅವಳ ಮದುವೆ ಆಗಿಹೋಗಿತ್ತು, ನಿಜ. ಆದರೂ ಅವನಿನ್ನೂ ಮೂವತ್ತು ದಾಟಿರಲಿಲ್ಲ, ಬೆರಳುಗಳಿದ್ದವು, ಚೆಲ್ಲೊ ಇತ್ತು. ಅವನು ಹದಿನಾರೂವರೇನಾ ಎಂದು ಕೇಳಿದ್ದ. ಆ ಗೋಡೆಗೆ ಒರಗಿಕೊಂಡೇ ಬೆಕ್ಕಿನ ಟೂಮಿ ಅತ್ತ, ದಾರಿಯಲ್ಲಿ ಹೋಗುವವರು ಗಾಳಿಗೆ ಕಣ್ಣಲ್ಲಿ ನೀರು ಬಂದಿದೆ ಎಂದುಕೊಳ್ಳಲೆಂದು ಮುಖವನ್ನು ಗಾಳಿಗೆ ತಿರುಗಿಸಿಕೊಂಡು.

ಕ್ರಿಸ್‌ಮಸ್‌ಗೆ ಮುಂಚಿನ ಒಂದು ಭಾನುವಾರ ಮಧ್ಯಾಹ್ನ ಕಛೇರಿ ಇಟ್ಟುಕೊಂಡರು, ಅದೇ ಹಳೆಯ ಸಭಾಂಗಣದಲ್ಲಿ. ಬರುವುದಿಲ್ಲವೆಂದು ಡೊಮಿನಿಕ್ ಎರಡು ಸಲ ಹೇಳಿ ಕಳಿಸಿದ್ದ. ಆಮೇಲೆ ಅಂತ್ಯಕ್ರಿಯೆಗಳಿಗೆ ಹಾಕುವ ಕಪ್ಪು ಸೂಟು ತೊಟ್ಟು ಬಂದು, ಗ್ಯಾಲರಿಯ ಕೆಳಗಿನ ಕೊನೆಯ ಸಾಲಿನಲ್ಲಿ ಕೂತ. ಕುರ್ಚಿಗಳು ಬದಲಾಗಿದ್ದವು, ಗೋಡೆಯ ಬಣ್ಣ ಬದಲಾಗಿತ್ತು, ಒದ್ದೆ ಕೋಟುಗಳ ವಾಸನೆ ಮಾತ್ರ ಹಳೆಯದೇ.

ಎರಡನೆಯ ಭಾಗದಲ್ಲಿ ಗೊಬ್ನಿಟ್ ಆ ಸಾಲನ್ನು ಅಭ್ಯಾಸದಲ್ಲಿ ನುಡಿಸಿದ್ದಕ್ಕಿಂತಲೂ ನಿಧಾನವಾಗಿ ನುಡಿಸಿದಳು. ಯಾರೂ ಕೆಮ್ಮಲಿಲ್ಲ. ಡಿಸೆಂಬರಿನಲ್ಲಿ ಕಾರ್ಕಿನ ಸಭೆಯೊಂದು ಕೆಮ್ಮದೆ ಕೂತಿತೆಂದರೆ ಅದಕ್ಕಿಂತ ದೊಡ್ಡ ಪ್ರಶಂಸೆ ಇಲ್ಲ. ಮುಂದಿನ ಸಾಲಿನ ಮುದುಕಿಯೊಬ್ಬಳು ಕನ್ನಡಕ ತೆಗೆದು ಒರೆಸಿ, ಮತ್ತೆ ತೆಗೆದು ಒರೆಸಿದಳು. ಆ ದಿನ ನಕ್ಕವರಲ್ಲಿ ಇವಳೂ ಇದ್ದಳೋ ಏನೋ. ಡೊಮಿನಿಕ್ ತನ್ನ ಎಡಗೈ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಆಡುತ್ತಿರುವುದನ್ನು ಕಂಡು, ಬಲಗೈಯಿಂದ ಅವನ್ನು ಮುಚ್ಚಿಕೊಂಡ.

ಎಲ್ಲ ಮುಗಿದು ಚಪ್ಪಾಳೆ ನಿಂತ ಮೇಲೆ ಗೊಬ್ನಿಟ್ ಮುಂದೆ ಬಂದಳು. ‘ನಾಲ್ಕನೇ ಪ್ರತೀನ ಇಷ್ಟು ವರ್ಷ ಜೋಪಾನ ಮಾಡಿದೋರು ಇಲ್ಲೇ ಇದ್ದಾರೆ. ಅವ್ರಿಲ್ದಿದ್ರೆ ಟಿಸ್ಡಾಲ್ ಇಲ್ಲ. ಮಿಸ್ಟರ್ ಡೊಮಿನಿಕ್ ಟೂಮಿ, ದಯವಿಟ್ಟು ಎದ್ದು ನಿಲ್ಬೇಕು.’

ಅವಳ ಮನಸ್ಸಿನಲ್ಲಿದ್ದುದು ಒಳ್ಳೆಯದೇ. ಅವನ ಹೆಸರನ್ನು ಊರಿನ ಬಾಯಿಂದ ತೊಳೆದು ತೆಗೆಯಬೇಕೆಂದಿದ್ದಳು. ಡೊಮಿನಿಕ್ ಎದ್ದ. ಜನ ತಿರುಗಿ ನೋಡಿ ಜೋರಾಗಿ ಚಪ್ಪಾಳೆ ತಟ್ಟಿದರು, ಮೇಲಿನ ಗ್ಯಾಲರಿಯಿಂದ ಯಾರೋ ಪ್ರೀತಿಯಿಂದ, ತುಂಬಿದ ಪ್ರೀತಿಯಿಂದ ಕೂಗಿದರು: ‘ಶಭಾಷ್ ಬೆಕ್ಕಣ್ಣಾ!’

ಸಭೆ ನಕ್ಕಿತು. ಅದು ಕೆಟ್ಟ ನಗೆಯಲ್ಲ, ಮನೆಯ ಹಿರಿಯನನ್ನು ಕಂಡು ನಗುವಂಥದು. ಅವನೂ ತಲೆ ಬಾಗಿಸಿ ನಕ್ಕ. ಗೊಬ್ನಿಟ್ ಮಾತ್ರ ವೇದಿಕೆಯ ಮೇಲೆ ಅಳುಮೋರೆ ಹಾಕಿಕೊಂಡು ನಿಂತಿದ್ದಳು.

ಪಕ್ಕದ ಕೋಣೆಯಲ್ಲಿ ಚಹಾ ಇಟ್ಟಿದ್ದರು. ಬಂದವರೆಲ್ಲ ಡೊಮಿನಿಕ್‌ನ ಕೈ ಕುಲುಕಿ ಟಿಸ್ಡಾಲನನ್ನು ಹೊಗಳಿದರು, ಇಂಥ ರತ್ನವನ್ನು ನಮ್ಮ ಊರು ಹೇಗೆ ಮರೆಯಿತು ಎಂದು ಅವನನ್ನೇ ಕೇಳಿದರು. ಅವನು ಹೂಂ ಹೂಂ ಎನ್ನುತ್ತ ಕೋಟು ಹುಡುಕುತ್ತಿದ್ದಾಗ ಒಬ್ಬ ಎತ್ತರದ ಮುದುಕರು ಚಹಾದ ಬಟ್ಟಲು ಹಿಡಿದು ಬಂದು ಎದುರಿಗೆ ನಿಂತರು. ಅಂಗಿಯ ಕಾಲರಿನೊಳಗೆ ಕೊರಳು ಸೊರಗಿ ಅಲ್ಲಾಡುತ್ತಿತ್ತು. ಹದಿನಾರೂವರೆಯ ಅಂಗಿ, ಈಗ ಹದಿನೈದು ಸಾಕು ಎಂದು ಡೊಮಿನಿಕ್‌ನ ಕಣ್ಣು ಅವನ ಅಪ್ಪಣೆ ಕೇಳದೆ ಅಳೆದುಬಿಟ್ಟಿತು.

‘ನಾನು ಹೋರ್ಗನ್. ನೋರಾಳ ಯಜಮಾನ.’

‘ಗೊತ್ತು ಡಾಕ್ಟ್ರೇ. ನೋರಾ ಹೋಗಿದ್ದು... ಬಹಳ ಬೇಜಾರಾಯ್ತು.’

‘ಕಂಬದ ಹಿಂದೆ ನಿಂತಿದ್ರಿ. ನೋಡ್ದೆ.’ ಡಾಕ್ಟರು ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ‘ನಿಮ್ಮನ್ನ ಒಂದು ವಿಷ್ಯ ಕೇಳ್ಬೇಕಿತ್ತು. ತಪ್ಪು ತಿಳ್ಕೋಬೇಡಿ. ಮದುವೆ ಆದ ಹೊಸ್ತು, ನಾವಿಬ್ರೂ ಡಬ್ಲಿನ್‌ಗೆ ಯಾವ್ದೋ ಕಛೇರಿ ಕೇಳೋಕೆ ಹೋಗಿದ್ವಿ. ಮುಗಿದ ಮೇಲೆ ಅವಳು ಒಳಗೆ ಹೋಗಿ ಚೆಲ್ಲೊ ನುಡಿಸೋನ ಹತ್ರ ಏನೋ ಕೇಳ್ಕೊಂಡು ಬಂದ್ಲು. ವಾಪಸ್ ಬರೋವಾಗ ರೈಲಲ್ಲಿ ದಾರಿಯುದ್ದಕ್ಕೂ ಅತ್ಲು. ಯಾಕೆ ಅಂದ್ರೆ ಹೇಳ್ಲಿಲ್ಲ. ಆ ವಾರಾನೇ ನನಗೆ ಅಂಗಿ ತರ್ತೀನಿ ಅಂತ ನಿಮ್ಮ ಅಂಗ್ಡಿಗೆ ಹೋದ್ಲು.’

ಡೊಮಿನಿಕ್ ಕೋಟು ಹುಡುಕುವುದನ್ನು ಬಿಟ್ಟು ಅವರತ್ತ ತಿರುಗಿದ.

‘ಬರಿಗೈಲಿ ಬಂದ್ಲು. ಏನಾಯ್ತೇ ಅಂದ್ರೆ, ಹೇಳೋಕೆ ಬಿಡ್ಲಿಲ್ಲ ಅವ್ನು, ಅಂದ್ಲು. ಹಾಗಾದ್ರೆ ಕಾಗ್ದ ಬರಿ ಅಂದೆ. ಬೇಡ, ಈಗ ಗೊತ್ತಾದ್ರೆ ಅವನು ಇನ್ನೂ ಕುಗ್ಗಿ ಹೋಗ್ತಾನೆ ಅಂದ್ಲು. ಆಮೇಲೆ ಆ ಮಾತೇ ಎತ್ಲಿಲ್ಲ. ಈಗ ಆಸ್ಪತ್ರೇಲಿ, ಕೊನೇ ವಾರದಲ್ಲಿ, ಮತ್ತೆ ಅದನ್ನೇ ಅಂದ್ಲು. ಡೊಮಿನಿಕ್‌ಗೆ ಹೇಳ್ಬೇಕಿತ್ತು, ಅಂತ.’ ಡಾಕ್ಟರು ಕಾಲರಿನೊಳಗೆ ಬೆರಳು ಹಾಕಿ ಸಡಿಲವಾಗಿದ್ದನ್ನೇ ಇನ್ನೂ ಸಡಿಲಿಸಿದರು. ‘ಏನು ಹೇಳ್ಬೇಕಿತ್ತು ಅಂತ ನನಗೆ ಗೊತ್ತಿಲ್ಲ. ಕೇಳೋ ಧೈರ್ಯಾನೂ ಬರ್ಲಿಲ್ಲ. ನಾನು ಇಷ್ಟು ವರ್ಷ... ನಾನು ಬೇರೆ ಏನೋ ಅಂದ್ಕೊಂಡಿದ್ದೆ ಮಿಸ್ಟರ್ ಟೂಮಿ. ನಿಮ್ಗೇನಾದ್ರೂ ಗೊತ್ತಾ?’

ಡೊಮಿನಿಕ್ ಮುದುಕರ ಮುಖ ನೋಡಿದ. ಆ ಬೇರೆ ಏನೋ ಎಂಬುದರ ಜೊತೆ ಈ ಮನುಷ್ಯ ಒಂದೇ ಮೇಜಿನಲ್ಲಿ ಉಂಡು, ಒಂದೇ ಮನೆಯಲ್ಲಿ ಮಲಗಿ ಎದ್ದು ಬದುಕು ಕಳೆದಿದ್ದಾನೆ. ಅದು ಬರೀ ಭ್ರಮೆಯಾಗಿರಲಿಲ್ಲವೆಂದು ನಂಬಲು ಡೊಮಿನಿಕ್‌ನ ಜೀವ ಹಂಬಲಿಸಿತು. ರೈಲಿನಲ್ಲಿ ದಾರಿಯುದ್ದಕ್ಕೂ ಅತ್ತಳಲ್ಲ, ಬರೀ ಒಂದು ಗುರುತಿಗಾಗಿ ಯಾರಾದರೂ ಹಾಗೆ ಅಳುತ್ತಾರೆಯೇ? ಸುಮ್ಮನಿದ್ದುಬಿಟ್ಟರೆ ಸಾಕಿತ್ತು, ಆ ಅಳು ಡೊಮಿನಿಕ್‌ಗೇ ಉಳಿಯುತ್ತಿತ್ತು. ಅವನಿಗೆ ಬೇರೆ ಏನೂ ಉಳಿದಿರಲಿಲ್ಲ.

‘ಗೊತ್ತು,’ ಎಂದ. ‘ನಾನು ಆವತ್ತು ಆ ಸಾಲನ್ನ ತಪ್ಪು ಓದಿದ್ದೆ. ಒಂದು ಸ್ಥಾಯಿ ಕೆಳಗೆ ನುಡಿಸ್ಬೇಕಿತ್ತು. ಅದನ್ನ ಹೇಳೋಕೆ ಬಂದಿದ್ಲು.’

‘ಅಷ್ಟೇನಾ?’

ಡಾಕ್ಟರು ಕಿಟಕಿಯ ಕಟ್ಟೆಯನ್ನು ಹಿಡಿದುಕೊಂಡರು. ಎಷ್ಟೋ ವರ್ಷದ ಉಸಿರೊಂದು ಅವರೊಳಗಿಂದ ಹೊರಗೆ ಬಂತು. ‘ಸಂಗೀತದ ವಿಷ್ಯಾನಾ? ಬರೀ ಅಷ್ಟೇನಾ?’

‘ಅಷ್ಟೇ ಡಾಕ್ಟ್ರೇ,’ ಎಂದ ಡೊಮಿನಿಕ್. ‘ಇನ್ನೇನೂ ಇಲ್ಲ.’ ಎನ್ನುತ್ತ ಗೋಡೆಯ ಗೂಟದಿಂದ ತನ್ನ ಕೋಟನ್ನು ತೆಗೆದುಕೊಂಡ.